ಸಮೋಸಾದ ಹೂರಣ, ಹಂಗೇರಿಯ ಕಣಕ

ಲಾಂಗೋಶ್ ಹಂಗೇರಿಯವರ ಬೀದಿ ತಿಂಡಿ. ಯೀಸ್ಟ್ ಹಾಕಿ ಉಬ್ಬಿಸಿದ ಮೈದಾ ಹಿಟ್ಟನ್ನು ತಟ್ಟಿ, ಎಣ್ಣೆಯಲ್ಲಿ ಕರಿದು, ಬಿಸಿ ಇರುವಾಗಲೇ ಬೆಳ್ಳುಳ್ಳಿ ನೀರು ಸವರಿ, ಮೇಲೆ ಹುಳಿ ಕೆನೆ ಮತ್ತು ತುರಿದ ಚೀಸ್ ಹಾಕಿ ಕೊಡುತ್ತಾರೆ. ಬೇಸಿಗೆಯಲ್ಲಿ ಬಾಲಟನ್ ಸರೋವರಕ್ಕೆ ಈಜಲು ಹೋದವರು ಇದನ್ನು ತಿನ್ನದೆ ವಾಪಸಾಗುವುದು ಕಡಿಮೆ. ಅವರ ಭಾಷೆಯಲ್ಲಿ 'ಲಾಂಗ್' ಅಂದರೆ ಬೆಂಕಿಯ ಜ್ವಾಲೆ. ಹಿಂದೆ ಬ್ರೆಡ್ ಸುಡುವ ದಿನ ಮಿಕ್ಕ ಹಿಟ್ಟನ್ನು ಒಲೆಯ ಬಾಯಲ್ಲಿ, ಉರಿಯ ಪಕ್ಕದಲ್ಲೇ ಸುಡುತ್ತಿದ್ದರು. ಎಣ್ಣೆಗೆ ಇಳಿದದ್ದು ಆಮೇಲೆ.

ಕೇಳಿದರೆ ಭಟೂರಾ ಅನಿಸುತ್ತದೆ, ಅಲ್ವಾ? ನಾನೂ ಹಾಗೇ ಅಂದುಕೊಂಡು ಮೊದಲ ಸಲ ಲಟ್ಟಣಿಗೆ ಹಿಡಿದೆ. ಬಲೂನಿನಂತೆ ಉಬ್ಬಿತು. ಮೇಲಿಟ್ಟ ಚೀಸ್ ಜಾರಿ ತಟ್ಟೆಗೆ ಬಿತ್ತು. ಆಮೇಲೆ ಹೊಳೆಯಿತು: ಇದಕ್ಕೆ ಬೇಕಾದದ್ದು ಒಬ್ಬಟ್ಟು ತಟ್ಟುವ ಕೈ. ಕಣಕ ಮೆತ್ತಗೆ, ಕೈಗೆ ಎಣ್ಣೆ. ಅಷ್ಟಾದ ಮೇಲೆ ಒಳಗೊಂದು ಹೂರಣ ಯಾಕಿರಬಾರದು? ಆಲೂಗಡ್ಡೆಯನ್ನು ಹಿಸುಕಿ ಹಿಟ್ಟಿಗೇ ಕಲಸುವ ಲಾಂಗೋಶ್ ಅಲ್ಲೂ ಇದೆ. ನಾವು ಸಮೋಸಾದ ಆಲೂ ಪಲ್ಯವನ್ನು ಒಳಗೆ ತುಂಬೋಣ.

ಮೊದಲು ಕಣಕ. ಆರು ಲಾಂಗೋಶ್‌ಗೆ 300 ಗ್ರಾಂ ಮೈದಾ ಸಾಕು. 120 ಮಿ.ಲೀ. ನೀರು, 80 ಮಿ.ಲೀ. ಹಾಲು ಸೇರಿಸಿ ಉಗುರುಬೆಚ್ಚಗೆ ಮಾಡಿ. ಒಂದೊಂದು ಟೀ ಚಮಚ ಸಕ್ಕರೆ, ಒಣ ಯೀಸ್ಟ್ ಹಾಕಿ 10 ನಿಮಿಷ ಬಿಡಿ. ನೊರೆ ಬರದಿದ್ದರೆ ಯೀಸ್ಟ್ ಸತ್ತಿದೆ, ಮುಂದುವರಿಯಬೇಡಿ. ನೊರೆ ಬಂದರೆ ಮೈದಾ, ಒಂದು ಟೀ ಚಮಚ ಉಪ್ಪು ಸೇರಿಸಿ ಕಲಸಿ. ಕೈಗೆಲ್ಲ ಅಂಟುತ್ತದೆ. ಗಾಬರಿಯಾಗಿ ಮೈದಾ ಸುರಿಯಬೇಡಿ, ಲಾಂಗೋಶ್ ಕೆಡುವುದೇ ಅಲ್ಲಿ. ಒಂದು ದೊಡ್ಡ ಚಮಚ ಎಣ್ಣೆ ಹಾಕಿ ಎಂಟು ನಿಮಿಷ ನಾದಿದರೆ ತಾನೇ ನುಣುಪಾಗುತ್ತದೆ. ಮುಚ್ಚಿಟ್ಟು, ಎರಡು ಪಟ್ಟು ಉಬ್ಬುವವರೆಗೆ ಕಾಯಿರಿ. ಸೆಖೆಗಾಲದಲ್ಲಿ ಒಂದು ಗಂಟೆ, ಚಳಿಯಲ್ಲಿ ಇನ್ನೂ ಜಾಸ್ತಿ.

ಅಷ್ಟರಲ್ಲಿ ಹೂರಣ. ಮೂರು ಆಲೂಗಡ್ಡೆ ಬೇಯಿಸಿ, ಆರಿಸಿ, ಪುಡಿ ಮಾಡಿ. ಎಣ್ಣೆಯಲ್ಲಿ ಜೀರಿಗೆ, ಶುಂಠಿ, ಹಸಿಮೆಣಸಿನಕಾಯಿ, ಬೇಯಿಸಿದ ಅರ್ಧ ಕಪ್ ಬಟಾಣಿ, ಧನಿಯಾ ಪುಡಿ, ಆಮ್‌ಚೂರ್, ಉಪ್ಪು ಹಾಕಿ ಬಾಡಿಸಿ, ಆಲೂಗಡ್ಡೆ ಬೆರೆಸಿ. ಬಾಣಲೆಯ ತಳ ಬಿಡುವಷ್ಟು ಒಣಗಬೇಕು. ನೀರಿನಂಶ ಉಳಿದರೆ ಎಣ್ಣೆಯಲ್ಲಿ ಒಡೆದು ಸಿಡಿಯುತ್ತದೆ. ಕೊತ್ತಂಬರಿ ಬದಲು ಒಂದು ಹಿಡಿ ಸಬ್ಬಸಿಗೆ ಸೊಪ್ಪು ಹಾಕಿ. ಇದು ಸುಮ್ನೆ ಹೇಳಿದ್ದಲ್ಲ. ನಮ್ಮ ಹಾಗೆ ಹಂಗೇರಿಯವರಿಗೂ ಸಬ್ಬಸಿಗೆ ಇಷ್ಟ. ಸೋರೆ ಜಾತಿಯ ತರಕಾರಿಗೂ, ಗಿಣ್ಣಿನಂಥ ಅವರ 'ತೂರೋ'ಗೂ ಅದನ್ನು ಹಾಕುತ್ತಾರೆ.

ಬೆಳ್ಳುಳ್ಳಿ ನೀರಿಗೆ ನಾಲ್ಕು ಎಸಳು ಜಜ್ಜಿ, ಅರ್ಧ ಕಪ್ ಬೆಚ್ಚಗಿನ ನೀರು, ಚಿಟಿಕೆ ಉಪ್ಪು, ಒಂದು ಚಮಚ ಎಣ್ಣೆ ಸೇರಿಸಿಡಿ. ಹುಳಿ ಕೆನೆ ಸಿಗದಿದ್ದರೆ ಅರ್ಧ ಲೀಟರ್ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಮೂರು ಗಂಟೆ ಕಟ್ಟಿ ತೂಗುಹಾಕಿ, ಎರಡು ಚಮಚ ಹಾಲಿನ ಕೆನೆ ಕಡೆದು ಬೆರೆಸಿ.

ಇನ್ನು ಪಾಪ್ರಿಕಾ, ಅಂದರೆ ಹಂಗೇರಿಯವರ ಕೆಂಪು ಮೆಣಸಿನಕಾಯಿ ಪುಡಿ. ದುಬಾರಿ ಡಬ್ಬಿ ಹುಡುಕಬೇಡಿ, ಬಣ್ಣ ಜಾಸ್ತಿ ಖಾರ ಕಡಿಮೆ ಇರುವ ಬ್ಯಾಡಗಿ ಪುಡಿ ಸಾಕು. ಎರಡೂ ಅಮೆರಿಕ ಖಂಡದಿಂದ ಬಂದ ಮೆಣಸಿನಕಾಯಿಯೇ. ಹಂಗೇರಿಯವರು ಮೊದಮೊದಲು ಅದನ್ನು 'ತುರ್ಕಿ ಮೆಣಸು' ಅನ್ನುತ್ತಿದ್ದರು. ಹೊಸ ಕಾಯಿಗೆ ಹಳೆಯ ಕರಿಮೆಣಸಿನ ಹೆಸರು! ನಾವು ಮಾಡಿದ್ದೂ ಅದನ್ನೇ ತಾನೆ?

ಹಿಟ್ಟು ಉಬ್ಬಿದ ಮೇಲೆ ಆರು ಉಂಡೆ ಮಾಡಿ 15 ನಿಮಿಷ ಬಿಡಿ. ಬಾಳೆಲೆಗೆ ಎಣ್ಣೆ ಸವರಿ, ಉಂಡೆಯನ್ನು ಅಂಗೈ ಅಗಲಕ್ಕೆ ತಟ್ಟಿ. ಮಧ್ಯೆ ನಿಂಬೆ ಗಾತ್ರದ ಹೂರಣ ಇಟ್ಟು, ಕಣಕವನ್ನು ಸುತ್ತಲಿಂದ ಎಳೆದು ಬಾಯಿ ಮುಚ್ಚಿ. ಮುಚ್ಚಿದ ಕಡೆ ಕೆಳಗೆ ಮಾಡಿ ಮೆಲ್ಲಗೆ ತಟ್ಟಿ. ಅಂಚು ದಪ್ಪ, ನಡುವೆ ಚೂರು ತಗ್ಗು ಇರಲಿ. ಮೊಸರು ನಿಲ್ಲುವುದು ಆ ತಗ್ಗಿನಲ್ಲಿ.

ಬಾಣಲೆಯಲ್ಲಿ ಎರಡು ಬೆರಳು ಎಣ್ಣೆ ಕಾಯಿಸಿ. ಚೂರು ಹಿಟ್ಟು ಹಾಕಿದರೆ ಮುಳುಗಿ ನಿಧಾನವಾಗಿ ಮೇಲೆ ಬರಬೇಕು. ಹಾಕಿದ ಕೂಡಲೇ ಕೆಂಪಾದರೆ ಒಳಗೆ ಹಸಿ ಉಳಿಯುತ್ತದೆ. ಮಧ್ಯಮ ಉರಿಯಲ್ಲಿ ಒಂದೊಂದು ಮಗ್ಗುಲು ಸುಮಾರು ಮೂರು ನಿಮಿಷ, ಒಂದು ಸಲಕ್ಕೆ ಒಂದೇ. ತೆಗೆದ ತಕ್ಷಣ ಬೆಳ್ಳುಳ್ಳಿ ನೀರು ಸವರಿ. ಚುರ್ ಅನ್ನಬೇಕು. ಮೇಲೆ ಮೊಸರು, ತುರಿದ ಚೀಸ್, ಬ್ಯಾಡಗಿ ಪುಡಿ. ಪನೀರ್ ನಾನು ಹಾಕಿ ನೋಡಿದೆ, ಸಪ್ಪೆ.

ಆರಿದ ಲಾಂಗೋಶ್ ಚರ್ಮದ ಹಾಗೆ ಎಳೆಯುತ್ತದೆ. ಅದಕ್ಕೇ ಕರಿಯುವ ಮೊದಲೇ ಎಲ್ಲರನ್ನೂ ಕರೆದು ಕೂರಿಸಿ.