ಗಾಜಿನ ಹಂಚಿನ ಕೆಳಗಿನ ಸಸಿಮಡಿ

ಮನೆಯೊಳಗೆ ಬೀಜ ಹಾಕಿ ಸಸಿ ಮಾಡುವ ವಿಡಿಯೊ ಹುಡುಕಿದರೆ ಸಿಗುವವರು ಹೆಚ್ಚಾಗಿ ಹಿಮ ಬೀಳುವ ದೇಶದವರು. ಅವರಿಗೆ ಚಳಿಯ ಕಾಟ, ಶಿರಸಿ ಸೀಮೆಯ ನಮಗೆ ಮಳೆಯ ಕಾಟ. ಆಶ್ಲೇಷಾ, ಮಘೆ ಮಳೆ ಹೊಯ್ಯುವಾಗ ಅಂಗಳದಲ್ಲಿ ಬದನೆ ಬೀಜ ಹಾಕಿದರೆ ಅದು ಮರುದಿನ ತೋಟದ ನೀರು ಹರಿಯುವ ಕಾದಿಗೆಯನ್ನು ಸೇರಿರುತ್ತದೆ. ಮಳೆ ಬಿಡಲಿ ಎಂದು ಕಾಯುತ್ತ ಕೂತರೆ ದೀಪಾವಳಿ ಬಂತು; ಗಿಡ ಕಾಯಿ ಬಿಡುವ ಹೊತ್ತಿಗೆ ಬಾವಿಯ ನೀರು ಇಳಿದಿರುತ್ತದೆ. ಆಗಸ್ಟ್ 20ರ ಸುಮಾರಿಗೆ ಒಳಗೇ ಬೀಜ ಹಾಕಿಬಿಟ್ಟರೆ ನವರಾತ್ರಿಗೆ ನೆಡುವ ಸಸಿ ಕೈಯಲ್ಲಿರುತ್ತದೆ. ನನಗೆ ಬೇಕಾದದ್ದು ಆ ಒಂದು ತಿಂಗಳು.

ಮೊದಲ ವರ್ಷ ಎಲ್ಲವೂ ಸತ್ತವು. ಕೊಟ್ಟಿಗೆ ಗೊಬ್ಬರ ಧಾರಾಳ ಬೆರೆಸಿ ಟೊಮೆಟೊ, ಮೆಣಸು, ಬದನೆ ಹಾಕಿದ್ದೆ. ಬಚ್ಚಲ ಒಲೆಯ ಪಕ್ಕ ಬೆಚ್ಚಗಿರುತ್ತದೆಂದು ಅಲ್ಲೇ ಇಟ್ಟೆ. ಟೊಮೆಟೊ ಐದೇ ದಿನಕ್ಕೆ ಮೊಳೆಯಿತು, ನಾನು ಹಿಗ್ಗಿದೆ. ಮತ್ತೆ ನಾಲ್ಕು ದಿನಕ್ಕೆ ಸಸಿಗಳು ಬಿಳಿಚಿಕೊಂಡು ದಾರದ ಹಾಗೆ ಎತ್ತರಕ್ಕೆ ಎದ್ದವು. ಒಂದು ಬೆಳಿಗ್ಗೆ ನೋಡಿದರೆ ಮಣ್ಣಿಗೆ ತಾಗುವಲ್ಲಿ ಕಾಂಡ ನೀರು ಕುಡಿದಂತೆ ಮೆತ್ತಗಾಗಿ, ಇಡೀ ಸಾಲು ಮಲಗಿತ್ತು. ಇದು ಸಸಿ ಕೊಳೆ ರೋಗ. ಪಿಥಿಯಂನಂಥ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿಗಳು ಹಸಿ ಮಣ್ಣಿನಲ್ಲಿ, ಗಾಳಿ ಆಡದ ಜಾಗದಲ್ಲಿ ಸಸಿಯ ಬುಡಕ್ಕೆ ಬೀಳುತ್ತವೆ. ಮಲಗಿದ ಸಸಿ ಮತ್ತೆ ಏಳುವುದಿಲ್ಲ.

ತಪ್ಪಿನಲ್ಲಿ ಹೆಚ್ಚಿನ ಪಾಲು ನೀರಿನದು. ನಾನು ದಿನಕ್ಕೆರಡು ಸಲ ಚಿಮುಕಿಸುವುದನ್ನು ಅತ್ತೆ ಜಗಲಿಯಿಂದ ನೋಡುತ್ತಿದ್ದರು. "ಎಂತಕ್ಕೆ ಮತ್ತೆ ಮತ್ತೆ ನೀರು ಹೊಯ್ತೆ? ಸಸಿಗೆ ಆಸರಾಜಿಲ್ಲೆ, ನಿಂಗೇ ತಡೀತಿಲ್ಲೆ" ಅಂದರು. ಸಸಿಗೆ ಬಾಯಾರಿಲ್ಲ, ನಿನಗೇ ತಡೆಯುತ್ತಿಲ್ಲ ಎಂದು. ಹೌದು. ಹೊರಗೆ ಮೂರು ದಿನದಿಂದ ಬಿಡದೆ ಮಳೆ, ಒಗೆದ ಬಟ್ಟೆಯೇ ಒಣಗುವುದಿಲ್ಲ. ಮಣ್ಣು ಎಲ್ಲಿಂದ ಒಣಗಬೇಕು?

ಮರುವರ್ಷ ಕೆಲಸ ಶುರುವಾದದ್ದು ಏಪ್ರಿಲ್‌ನಲ್ಲಿ. ಆಗಸ್ಟ್‌ನಲ್ಲಿ ನಮ್ಮಲ್ಲಿ ಒಣ ಮಣ್ಣು ಸಿಗುವುದೇ ಇಲ್ಲ ಎನ್ನುವುದು ಯಾವ ವಿಡಿಯೊದಲ್ಲೂ ಇಲ್ಲ! ಜರಡಿ ಹಿಡಿದ ಕೆಮ್ಮಣ್ಣನ್ನು ಒದ್ದೆ ಮಾಡಿ, ಅಂಗಳದಲ್ಲಿ ತೆಳ್ಳಗೆ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದೆಸಿ ಅಂಚಿಗೆ ಕಲ್ಲಿಟ್ಟು ಒಂದು ತಿಂಗಳು ಬಿಟ್ಟೆ. ಬಿಸಿಲಿನ ಕಾವಿಗೆ ಒಳಗಿನ ಶಿಲೀಂಧ್ರವೂ ಕಳೆಯ ಬೀಜವೂ ಬಹಳಷ್ಟು ಸಾಯುತ್ತವೆ. ಅದನ್ನು ಒಣಗಿಸಿ ಚೀಲಕ್ಕೆ ತುಂಬಿ ಅಟ್ಟದ ಮೇಲಿಟ್ಟೆ. ಬೀಜ ಹಾಕುವಾಗ ಈ ಮಣ್ಣು, ಹೊಳೆ ಮರಳು, ತೆಂಗಿನ ನಾರಿನ ಪುಡಿ ಸಮಸಮ. ಎರೆಗೊಬ್ಬರ ಒಂದೇ ಹಿಡಿ. ಮೊಳಕೆಗೆ ಬೇಕಾದ ಊಟ ಬೀಜದಲ್ಲೇ ಇರುತ್ತದೆ. ಮೇಲೆ ಚೂರು ಟ್ರೈಕೊಡರ್ಮಾ, ಅಂದರೆ ರೋಗ ತರುವುದನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ.

ಬೀಜ ಅರ್ಧ ಸೆಂಟಿಮೀಟರಿಗಿಂತ ಆಳಕ್ಕೆ ಹೋಗಬಾರದು. ಬಚ್ಚಲ ಒಲೆಯ ಜಾಗವನ್ನು ನಾನು ಬಿಟ್ಟಿಲ್ಲ. ಮೆಣಸು, ಬದನೆಯ ಬೀಜಕ್ಕೆ 25ರಿಂದ 30 ಡಿಗ್ರಿ ಕಾವು ಬೇಕು, ಆಗಸ್ಟ್‌ನ ಜಗಲಿಯಲ್ಲಿ ಅದು ಸಿಗದು. ಮೊಳೆಯುವ ತನಕ ಒಲೆ. ಮಣ್ಣು ಬಿರಿದು ಮೊದಲ ಕುಡಿ ಬಾಗಿ ಕಂಡ ದಿನವೇ ಟ್ರೇ ಎತ್ತಿ ಬೆಳಕಿಗೆ. ನಾಳೆ ಒಯ್ದರಾಯಿತು ಅಂದುಕೊಂಡರೆ ಆ ಒಂದೇ ರಾತ್ರಿಯಲ್ಲಿ ಅದು ದಾರವಾಗತೊಡಗುತ್ತದೆ.

ಬೆಳಕು ಎಲ್ಲಿ? ನಮ್ಮದು ಹಳೇ ಹಂಚಿನ ಮನೆ, ಮಧ್ಯಾಹ್ನವೂ ಒಳಗೆ ಮಬ್ಬು. ಅಟ್ಟದ ಮೇಲೆ ಎರಡು ಗಾಜಿನ ಹಂಚಿದ್ದವು. ಇನ್ನೂ ನಾಲ್ಕು ಹಾಕಿಸಿದೆ. ಅಡಿಕೆ ಸುಲಿಯುವ ಕಾಲಕ್ಕೂ ಉಪಯೋಗ ಎಂದು ಹೇಳಿ ಯಜಮಾನರನ್ನು ಒಪ್ಪಿಸಿದ್ದು ಬೇರೆ ಕತೆ. ಹಂಚಿಗೆ ಆದಷ್ಟು ಹತ್ತಿರವಾಗಲಿ ಎಂದು ಟ್ರೇಯನ್ನು ಮಣೆಗಳ ಮೇಲೆ ಎತ್ತಿಟ್ಟೆ. ಕಾರ್ಮೋಡ ಕವಿದ ದಿನಗಳಲ್ಲಿ ಅದೂ ಸಾಲದು, ಒಂದು ಬಿಳಿ ಎಲ್‌ಇಡಿ ಟ್ಯೂಬನ್ನು ಗೇಣೆತ್ತರದಲ್ಲಿ ತೂಗಿಬಿಡುತ್ತೇನೆ. ಕರೆಂಟು ಇದ್ದರೆ.

ನೀರು ಈಗ ಮೇಲಿನಿಂದ ಹಾಕುವುದಿಲ್ಲ. ಪರಾತದಲ್ಲಿ ಒಂದಂಗುಲ ನೀರು ಹಾಕಿ ಟ್ರೇ ಇಟ್ಟರೆ ಅಡಿಯ ತೂತಿನಿಂದ ತಾನೇ ಎಳೆದುಕೊಳ್ಳುತ್ತದೆ. ಕಾಲು ಗಂಟೆ ಸಾಕು. ಮಣ್ಣಿನ ಮೇಲ್ಮೈ ಬಣ್ಣ ತೆಳುವಾಗುವ ತನಕ ಮತ್ತೆ ಮುಟ್ಟುವುದಿಲ್ಲ. ಇರುವೆ ಬಾರದಂತೆ ಸುತ್ತ ಒಲೆಬೂದಿ. ಇಲಿಗೆ ಮಾತ್ರ ಇನ್ನೂ ಉಪಾಯ ಹೊಳೆದಿಲ್ಲ, ಕಳೆದ ವರ್ಷ ಹೀರೆ ಬೀಜವನ್ನು ಒಂದೂ ಬಿಡದೆ ಮೆದ್ದು ಸಿಪ್ಪೆ ಸಾಲಾಗಿ ಬಿಟ್ಟುಹೋಗಿತ್ತು.

ಹೀರೆ, ಮೊಗೆಕಾಯಿಯ ಬೇರಿಗೆ ಕದಲಿಸಿದರೆ ಆಗದು. ಅವನ್ನು ಅಡಿಕೆ ಹಾಳೆಯ ಕೊಟ್ಟೆಯಲ್ಲಿ ಹಾಕಿ, ಎರಡು ಮೂರು ಎಲೆ ಬಂದಾಗ ಕೊಟ್ಟೆ ಸಮೇತ ನೆಡುತ್ತೇನೆ. ಹಾಳೆ ಅಲ್ಲೇ ಕರಗುತ್ತದೆ.

ಚೌತಿ ಕಳೆದು ಬಿಸಿಲು ಇಣುಕಿದ ಕೂಡಲೇ ಸಸಿಗಳನ್ನು ಅಂಗಳಕ್ಕೆ ಇಳಿಸುವ ಆಸೆಯಾಗುತ್ತದೆ. ಹಾಗೆ ಇಳಿಸಿ ಒಂದೇ ಮಧ್ಯಾಹ್ನದಲ್ಲಿ ನಲವತ್ತು ಬದನೆ ಸಸಿ ಸುಟ್ಟುಕೊಂಡಿದ್ದೇನೆ. ಈಗ ಮೊದಲು ಜಗಲಿಯ ಅಂಚು, ಆಮೇಲೆ ಬೆಳಗಿನ ಬಿಸಿಲು ಒಂದು ತಾಸು, ದಿನ ದಿನಕ್ಕೆ ಹೆಚ್ಚಿಸುತ್ತ ಒಂದು ವಾರ. ಟೊಮೆಟೊ ನಾಲ್ಕು ವಾರಕ್ಕೆ, ಮೆಣಸು, ಬದನೆ ಐದಾರು ವಾರಕ್ಕೆ ನೆಡಲು ಬರುತ್ತವೆ. ನೆಡುವುದು ಸಂಜೆ.

ಬೆಂಡೆ, ಹರಿವೆಗೆ ಈ ಉಪಚಾರ ಬೇಡ, ನೇರ ಮಣ್ಣಿಗೆ. ಸೂಜಿಮೆಣಸನ್ನು ಎರಡು ವರ್ಷ ಟ್ರೇಯಲ್ಲಿ ಹಾಕಿ ಕಾದೆ, ಒಂದೂ ಮೊಳೆಯಲಿಲ್ಲ. ತೋಟದಲ್ಲಿ ಹಕ್ಕಿ ಉದುರಿಸಿದ್ದು ಅಡಿಕೆ ಮರದ ಬುಡದಲ್ಲಿ ಹತ್ತಾರು ಎದ್ದಿವೆ, ನಾನು ಕೊಯ್ಯುವುದು ಅದನ್ನೇ.