ಎರಡು ಲೋಕಗಳಿಗೂ ಸೇರಿದ ಅಣೆಕಟ್ಟು

ಮಕ್ಕಳಿಗಾಗಿ ನಾನು ಬರೆದ ಕಾದಂಬರಿಯಲ್ಲಿ ಒಬ್ಬಳು ಅಕ್ಕ ಮತ್ತು ಅವಳ ತಮ್ಮ ನಮ್ಮ ಲೋಕದಿಂದ ಪಕ್ಕದ ಲೋಕಕ್ಕೆ ಹೋಗಿಬರುತ್ತಾರೆ. ಆ ಲೋಕದಲ್ಲಿ ಮಾತನಾಡುವ ಪ್ರಾಣಿಗಳಿಲ್ಲ, ಮಾಂತ್ರಿಕರೂ ಇಲ್ಲ. ಅದು ಲಿಂಗನಮಕ್ಕಿ ಅಣೆಕಟ್ಟು ಕಟ್ಟದೆ, ಊರುಗಳು ಮುಳುಗದೆ ಉಳಿದ ಶರಾವತಿ ಕಣಿವೆ, ಅಷ್ಟೇ. ಇಂತಹ ಕಥೆಯಲ್ಲಿ ಬದಲಾವಣೆ ಒಂದೇ ಇರಬೇಕು, ಉಳಿದ ವ್ಯತ್ಯಾಸಗಳೆಲ್ಲ ಅದರಿಂದಲೇ ಹುಟ್ಟಬೇಕು ಎಂಬುದು ನನ್ನ ದೃಢವಾದ ನಂಬಿಕೆ. ಲೇಖಕರು ತಮಗೆ ತೋಚಿದಂತೆ ಹತ್ತು ಕಡೆ ತಿದ್ದಿದ ಲೋಕವನ್ನು ಕಂಡು ಮಗು ಬೆರಗಾಗಬಹುದು, ಆದರೆ ಮುಂದಿನ ತಿರುವಿನಲ್ಲಿ ಏನಿರಬಹುದೆಂದು ತಾನೇ ಲೆಕ್ಕ ಹಾಕಲಾರದು; ಆ ಲೆಕ್ಕದ ಸುಖವನ್ನು ಮಕ್ಕಳಿಂದ ಕಸಿಯಲು ನನಗೆ ಇಷ್ಟವಿರಲಿಲ್ಲ.

ಮುಳುಗಡೆಯ ಬಗ್ಗೆ ಮಕ್ಕಳಿಗೆ ಕನ್ನಡದಲ್ಲಿ ಈಗಾಗಲೇ ಒಳ್ಳೆಯ ಕಾದಂಬರಿಯಿದೆ. ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರವೂ ಬಂದಿದೆ. ಅದೇ ದಾರಿಯಲ್ಲಿ ನಡೆಯದೆ, ಮುಳುಗದ ಊರನ್ನೇ ಕಣ್ಣಿಗೆ ಕಾಣಿಸುವುದು ನಾನು ಆರಿಸಿಕೊಂಡ ಕೆಲಸ.

ಒಂದು ಲೋಕದಿಂದ ಇನ್ನೊಂದಕ್ಕೆ ಬಾಗಿಲು ಎಲ್ಲಿರಬೇಕೆಂಬ ಪ್ರಶ್ನೆಗೆ ಉತ್ತರವನ್ನು ಆ ನೆಲವೇ ಕೊಟ್ಟಿತು. ಲಿಂಗನಮಕ್ಕಿಗೂ ಮೊದಲು, 1940ರ ದಶಕದಲ್ಲಿ, ಜೋಗದ ವಿದ್ಯುತ್ ಕೇಂದ್ರಕ್ಕಾಗಿ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. 1964ರಲ್ಲಿ ಲಿಂಗನಮಕ್ಕಿ ತುಂಬತೊಡಗಿದಾಗ ಊರುಗಳ ಜೊತೆಗೆ ಆ ಅಣೆಕಟ್ಟೂ ಮುಳುಗಿತು, ಮತ್ತು ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಮಾತ್ರ ಅದು ಮೇಲೆ ಕಾಣುತ್ತದೆ. ನನ್ನ ಇನ್ನೊಂದು ಲೋಕದಲ್ಲಾದರೋ ಅದು ಮುಳುಗಿಯೇ ಇಲ್ಲ. ಜನ ಅದರ ಮೇಲೆ ನಡೆದಾಡುತ್ತಾರೆ. ಹಾಗಾಗಿ ಎರಡೂ ಲೋಕಗಳಲ್ಲಿ ಇರುವ, ಎರಡರಲ್ಲೂ ಒಣಗಿರುವ ಕಟ್ಟಡವೊಂದೇ ಬಾಗಿಲಾಗಬಲ್ಲದು ಎಂಬ ನಿಯಮ ಮಾಡಿದೆ. ಇದರಿಂದ ಕಥೆಗೆ ಒಂದು ಗಡುವು ತಾನಾಗಿಯೇ ದೊರೆಯಿತು, ಏಕೆಂದರೆ ಬೇಸಿಗೆಯ ಕೊನೆಗೆ ತೆರೆದ ದಾರಿ ಮಳೆ ಹಿಡಿದು ಹಿನ್ನೀರು ಏರುತ್ತಿದ್ದಂತೆ ಮುಚ್ಚಿಹೋಗುತ್ತದೆ. ಮಕ್ಕಳು ಒಳಹೋಗುವುದು ಆ ಅಣೆಕಟ್ಟಿನ ಹೆಚ್ಚಿನ ನೀರನ್ನು ಹೊರಬಿಡುವ ಸೈಫನ್ ಬಾವಿಯ ಮೂಲಕ. ಗಣೇಶ್ ಅಯ್ಯರ್ ಅವರು ರೂಪಿಸಿದ ಈ ಸೈಫನ್‌ಗಳಿಗೆ ಗೇಟು ಎತ್ತುವವರು ಬೇಕಿಲ್ಲ. ನೀರು ಗೊತ್ತಾದ ಮಟ್ಟಕ್ಕೆ ಬಂದೊಡನೆ ಸುಳಿಯಾಗಿ ತಿರುಗುತ್ತಾ ಒಳಗಿನ ಗಾಳಿಯನ್ನು ಸೆಳೆದುಕೊಂಡು ತಾನೇ ಹರಿಯತೊಡಗುತ್ತದೆ. ಯಾರೂ ತೆರೆಯಬೇಕಾಗಿಲ್ಲದ ಬಾಗಿಲನ್ನು ಎಂಜಿನಿಯರೊಬ್ಬರು ಆಗಲೇ ಕಟ್ಟಿಟ್ಟಿರುವಾಗ ನಾನು ಮಂತ್ರದಂಡಕ್ಕೆ ಹುಡುಕುವ ಅಗತ್ಯವಿರಲಿಲ್ಲ.

ಒಂದು ಲೋಕದೊಳಗೆ ಇನ್ನೊಂದಿರುವ ಕಲ್ಪನೆ ನಮಗೆ ಹೊಸದಲ್ಲ. ಯೋಗವಾಸಿಷ್ಠದ ಲೀಲಾ ರಾಣಿ ಸರಸ್ವತಿಯ ಜೊತೆ ಹೋಗಿ, ತನ್ನ ಗಂಡ ಬೇರೊಂದು ಲೋಕದಲ್ಲಿ ರಾಜನಾಗಿ ಆಳುತ್ತಿರುವುದನ್ನು ನೋಡುತ್ತಾಳೆ. ಭಾಗವತದ ಕಕುದ್ಮಿ ಮಗಳು ರೇವತಿಯೊಡನೆ ಬ್ರಹ್ಮಲೋಕದಲ್ಲಿ ಸ್ವಲ್ಪ ಹೊತ್ತು ಕಾದು ಮರಳುವಷ್ಟರಲ್ಲಿ ಭೂಮಿಯ ಮೇಲೆ ಯುಗಗಳೇ ಕಳೆದಿರುತ್ತವೆ. ಕಕುದ್ಮಿಯ ಕಾಲದ ಲೆಕ್ಕ ಮಕ್ಕಳಿಗೆ ಬಹಳ ಹಿಡಿಸುವಂಥದ್ದು, ಆದರೂ ಅದನ್ನು ಬಿಟ್ಟುಕೊಟ್ಟೆ. ಎರಡು ಲೋಕಗಳಲ್ಲಿ ಕಾಲ ಬೇರೆ ಬೇರೆ ವೇಗದಲ್ಲಿ ಓಡಿದರೆ ಏರುವ ನೀರಿನ ಭಯ ಉಳಿಯುವುದಿಲ್ಲ.

ಕಾದಂಬರಿಯ ಜೀವವಿರುವುದು ಅಜ್ಜಿಯಲ್ಲಿ. ಇಲ್ಲಿಯ ಅಜ್ಜಿ ಹುಡುಗಿಯಾಗಿದ್ದಾಗ ಊರು ಬಿಟ್ಟು ಬಂದವರು. ಅಲ್ಲಿಯ ಅಜ್ಜಿ ಊರನ್ನು ಬಿಟ್ಟೇ ಇಲ್ಲ. ಊರು ಬಿಟ್ಟ ಮೇಲೆ ಆದ ಮದುವೆ, ಹುಟ್ಟಿದ ಮಕ್ಕಳು, ಮೊಮ್ಮಕ್ಕಳು ಯಾವುದೂ ಆ ಲೋಕದಲ್ಲಿ ಇರಲು ಸಾಧ್ಯವಿಲ್ಲ. ಅದೇ ಮುಖ, ಅದೇ ಧ್ವನಿಯ ಹೆಂಗಸು ಜಗಲಿಯ ಮೇಲೆ ಕುಳಿತು "ಯಾರ ಮನೆ ಮಕ್ಕಳು ನೀವು?" ಎಂದು ಕೇಳಿದಾಗ ಅಕ್ಕನಿಗೆ ಉತ್ತರ ತಿಳಿದಿದೆ, ಹೇಳುವ ಹಾಗಿಲ್ಲ. ಈ ಅಧ್ಯಾಯವನ್ನು ಎಲ್ಲಕ್ಕಿಂತ ನಿಧಾನವಾಗಿ ಬರೆದೆ. ಹಸ್ತಪ್ರತಿಯನ್ನು ಓದಿ ಹೇಳಿದಾಗ ಮಕ್ಕಳು ಕೇಳಿದ್ದು ಒಂದೇ ಪ್ರಶ್ನೆ: ಇಲ್ಲಿಯ ಅಜ್ಜಿಯನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಬಾರದೇ? ಆ ಪ್ರಶ್ನೆಯಿಂದ ಎರಡನೆಯ ನಿಯಮ ಹುಟ್ಟಿತು. ಒಬ್ಬರೇ ಮನುಷ್ಯರು ಒಂದೇ ಲೋಕದಲ್ಲಿ ಇಬ್ಬರಾಗಿ ಇರಲಾರರು, ಆದ್ದರಿಂದ ಅಜ್ಜಿ ದಾಟಲಾರರು. ಅವರ ಪಾಲಿಗೆ ಮೊಮ್ಮಕ್ಕಳೇ ಹೋಗಿ ನೋಡಿ ಬಂದು ಹೇಳಬೇಕು. ಯಾವ ಮರ ಇನ್ನೂ ಇದೆ, ಯಾರ ಮನೆಯ ಸೂರು ಬಿದ್ದಿದೆ ಎಂದು ಅಜ್ಜಿ ವಿಚಾರಿಸುವ ಪುಟಗಳು ಹೀಗೆ ಬಂದವು.

ಮುಳುಗದ ಲೋಕವನ್ನು ಸ್ವರ್ಗವಾಗಿ ಮಾಡಬಾರದೆಂದು ಮೊದಲೇ ನಿರ್ಧರಿಸಿದ್ದೆ. ಲಿಂಗನಮಕ್ಕಿಯ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಅದು ಇಲ್ಲದ ನಾಡಿನಲ್ಲಿ ಬೆಂಗಳೂರಿನ ಕಾರ್ಖಾನೆಗಳ ಗತಿಯೇನು, ಆಸ್ಪತ್ರೆಯ ದೀಪಗಳ ಗತಿಯೇನು ಎಂದು ಯೋಚಿಸಲೇಬೇಕು. ಅಲ್ಲಿಯ ಊರಿನಲ್ಲಿ ಗದ್ದೆ ತೋಟಗಳು ಉಳಿದಿವೆ, ಮಕ್ಕಳು ಬುಡ್ಡಿದೀಪದಲ್ಲಿ ಓದುತ್ತಾರೆ, ತಮ್ಮನ ಓರಗೆಯ ಹುಡುಗನೊಬ್ಬ ಇಲ್ಲಿಯ ಬೀದಿದೀಪಗಳ ವಿಷಯವನ್ನು ಮತ್ತೆ ಮತ್ತೆ ಕೇಳುತ್ತಾನೆ. ಊರು ಕಳೆದುಕೊಂಡವರ ನೋವನ್ನು ಇದು ಕಡಿಮೆ ಮಾಡುವುದಿಲ್ಲ, ಮಾಡಲೂಬಾರದು. ಆದರೆ ಬೆಳಕಿನ ಬೆಲೆಯನ್ನು ಯಾರು ತೆತ್ತರೆಂಬ ಪ್ರಶ್ನೆ ಎರಡೂ ಕಡೆಯನ್ನು ನೋಡಿದ ಮಗುವಿನಲ್ಲೇ ಗಟ್ಟಿಯಾಗಿ ಏಳುತ್ತದೆ.

ಯಾವ ಅಧ್ಯಾಯ ಯಾವ ಲೋಕದ್ದೆಂದು ತಲೆಬರಹದಲ್ಲಿ ಹೇಳಿಲ್ಲ. ಪ್ರತಿ ಅಧ್ಯಾಯದ ಮೊದಲ ವಾಕ್ಯದಲ್ಲಿ ಒಂದೇ ಲೋಕಕ್ಕೆ ಸೇರಿದ ಒಂದು ವಸ್ತುವಿದೆ: ಇಲ್ಲಿ ಸಿಗಂದೂರಿನ ಕಡೆಗೆ ಹೋಗುವ ಲಾಂಚ್, ಅಲ್ಲಿ ಹೊಳೆ ದಾಟಿಸುವ ದೋಣಿ. 2025ರ ಜುಲೈನಲ್ಲಿ ಆ ಲಾಂಚ್ ದಾಟಿಸುತ್ತಿದ್ದ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ದ್ವೀಪದಂತಾಗಿದ್ದ ಆ ಊರುಗಳ ಜನ ದಶಕಗಳ ಕಾಲ ಕಾದ ಸೇತುವೆ ಅದು, ನನಗೂ ಸಂತೋಷವಾಯಿತು. ಆದರೆ ಕಥೆಗೆ ಲಾಂಚ್ ಬೇಕು, ಆದ್ದರಿಂದ ಕಥೆಯ ಕಾಲವನ್ನು ಸೇತುವೆಗಿಂತ ಹಿಂದಿನ ಒಂದು ಬೇಸಿಗೆಯಲ್ಲೇ ನಿಲ್ಲಿಸಿದ್ದೇನೆ.