ರಾಕೆಟ್ ವಾಪಸ್ ಬಂದರೆ ಲಾಭವೇ? ಸೇನೆಯ ಲೆಕ್ಕ ಹಾಕುವುದು ಹೀಗೆ

ಕಾರವಾರದ ಬೈತಖೋಲ ಬಂದರಿನಲ್ಲಿ ಎರಡು ಬಗೆಯ ಪೆಟ್ಟಿಗೆ ಕಾಣುತ್ತವೆ. ದೂರ ಹೋಗುವ ಮೀನಿಗೆ ಥರ್ಮೋಕೋಲ್ ಬಾಕ್ಸ್. ಐಸ್ ತುಂಬಿ, ಟೇಪ್ ಸುತ್ತಿ ಕಳಿಸಿದರೆ ಮುಗೀತು. ಹತ್ತಿರಕ್ಕಾದರೆ ಪ್ಲಾಸ್ಟಿಕ್ ಕ್ರೇಟು. ಅದು ಖಾಲಿಯಾಗಿ ಮರಳಬೇಕು, ಲಾರಿಯಲ್ಲಿ ಜಾಗ ಬೇಕು, ಪೈಪ್ ಹಿಡಿದು ತೊಳೆಯಬೇಕು. ಸೇನೆಯ ಉಪಗ್ರಹ ಹಾರಿಸುವಾಗಲೂ ಇದೇ ಲೆಕ್ಕ. ಒಮ್ಮೆ ಬಳಸಿ ಬಿಡುವ ರಾಕೆಟ್ ಥರ್ಮೋಕೋಲ್ ಬಾಕ್ಸಿನಂತೆ, ಮರಳಿ ಬರುವ ರಾಕೆಟ್ ಕ್ರೇಟಿನಂತೆ.

ಮೊದಲು ಸುತ್ತು ಎಣಿಸಿ. ಬಳಸಿ ಬಿಡುವ ರಾಕೆಟ್ಟಿಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. ಮರಳಿ ಬರುವ ರಾಕೆಟ್ಟಿಗೆ ಒಂದೇ ಸಲ 300, ಪ್ರತಿ ಸಲ ರಿಪೇರಿ, ಇಂಧನಕ್ಕೆ 20. ನಾಲ್ಕನೇ ಹಾರಾಟಕ್ಕೆ ಲಾಭ ಶುರು.

ಈಗ ಭಾರ ಕಳೆಯಿರಿ. ಇಳಿಯಲೂ ಇಂಧನ ಉಳಿಸಬೇಕಲ್ವಾ? ಅದರಿಂದ ಮೂರರಲ್ಲಿ ಎರಡು ಪಾಲು ಭಾರ ಮಾತ್ರ ಹೊತ್ತರೆ, ಲಾಭ ಏಳನೇ ಹಾರಾಟಕ್ಕೆ ಹೋಗುತ್ತದೆ. 2018ರ ಡಿಸೆಂಬರಿನಲ್ಲಿ ಅಮೆರಿಕದ ಸೇನೆಯ ಜಿಪಿಎಸ್ ಉಪಗ್ರಹ ಒಯ್ದ ಫಾಲ್ಕನ್ 9 ರಾಕೆಟ್ ಅದಕ್ಕೇ ಮರಳಲಿಲ್ಲ, ಪೂರ್ತಿ ಶಕ್ತಿ ಉಪಗ್ರಹಕ್ಕೇ ಹೋಯಿತು. 2021ರಲ್ಲಿ ಮಾತ್ರ ಹಿಂದೆ ಹಾರಿ ಬಂದಿದ್ದ ಬೂಸ್ಟರಿನಲ್ಲೇ (ರಾಕೆಟ್ಟಿನ ಕೆಳಭಾಗ) ಜಿಪಿಎಸ್ ಕಳಿಸಿದರು.

ತೊಳೆಯುವ ಖರ್ಚನ್ನು ಕಡಿಮೆ ಬರೆಯಬೇಡಿ. ಮರಳಿ ಬಂದು ಮತ್ತೆ ಹಾರುತ್ತಿದ್ದ ಅಮೆರಿಕದ ಬಾಹ್ಯಾಕಾಶ ವಾಹನ ಸ್ಪೇಸ್ ಶಟಲ್ ಎಡವಿದ್ದು ಇಲ್ಲೇ. ವಾರಕ್ಕೊಂದು ಹಾರಾಟದ ಕನಸಿತ್ತು. ಅತಿ ಜಾಸ್ತಿ ಹಾರಿದ 1985ರಲ್ಲೂ ಆದದ್ದು ಒಂಬತ್ತೇ. ಪ್ರತಿ ಸಲ ಬಿಸಿ ತಡೆಯುವ ಸಾವಿರಾರು ಟೈಲು ನೋಡಬೇಕು, ಹಾರದ ತಿಂಗಳಲ್ಲೂ ಜನರಿಗೆ ಸಂಬಳ ಕೊಡಬೇಕು. 1986ರಲ್ಲಿ ಚಾಲೆಂಜರ್ ಎಂಬ ಶಟಲ್ ಸಿಡಿದಾಗ ಶಟಲ್ಲನ್ನೇ ನಂಬಿದ್ದ ಸೇನೆಯ ಉಪಗ್ರಹಗಳೂ ನೆಲದಲ್ಲೇ ಉಳಿದವು. ಸೇನೆ ಒಮ್ಮೆ ಬಳಸಿ ಬಿಡುವ ರಾಕೆಟ್ಟಿಗೇ ಮರಳಿತು. ಸೇನೆಗೆ ಇನ್ನೊಂದು ದಾರಿ ಇರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೂ ಒಂದು ಬೆಲೆ ಬರೆಯಿರಿ.

ನಮ್ಮ ಕದಂಬ ನೌಕಾನೆಲೆಯ ಹಡಗುಗಳೂ ಉಪಗ್ರಹವನ್ನೇ ನಂಬಿವೆ. ನೌಕಾಪಡೆಯ ಉಪಗ್ರಹ ರುಕ್ಮಿಣಿ ಹಾರಿದ್ದು 2013ರಲ್ಲಿ, ಅದರ ಮುಂದಿನದು 2025ರಲ್ಲಿ. ಹನ್ನೆರಡು ವರ್ಷಕ್ಕೊಂದು ಸುತ್ತಾದರೆ ಕ್ರೇಟು ಕೊಳ್ಳುವುದು ದಂಡ. ಟಿವಿ, ಇಂಟರ್ನೆಟ್ ಉಪಗ್ರಹಗಳೂ ಅದೇ ರಾಕೆಟ್ಟಿನಲ್ಲಿ ಹೋದರಷ್ಟೇ ಸುತ್ತು ಸಾಲುತ್ತದೆ.

ಕೊನೆಗೆ, ಹೊತ್ತದ್ದನ್ನು ವಾಪಸ್ ತರಬೇಕಾ ಎಂದು ನೋಡಿ. ಅಮೆರಿಕ ಸೇನೆಯ ಆಳಿಲ್ಲದ ಬಾಹ್ಯಾಕಾಶ ವಿಮಾನ ಎಕ್ಸ್-37ಬಿ ಒಮ್ಮೆ 908 ದಿನ ಮೇಲಿದ್ದು 2022ರಲ್ಲಿ ರನ್‌ವೇಗೆ ಇಳಿಯಿತು. ಮೇಲೆ ಪರೀಕ್ಷೆ ಮಾಡಿದ ಸಾಮಾನು ಕೈಗೆ ಸಿಗುತ್ತದೆ. ಇಂಥ ಕೆಲಸಕ್ಕೆ ಥರ್ಮೋಕೋಲ್ ಬಾಕ್ಸ್ ಎಷ್ಟೇ ಅಗ್ಗವಾದರೂ ಆಗುವುದಿಲ್ಲ. ಚಳ್ಳಕೆರೆ ಬಳಿ 2023, 2024ರಲ್ಲಿ ಇಸ್ರೋದ ರೆಕ್ಕೆಯ ವಾಹನ ಹೆಲಿಕಾಪ್ಟರಿನಿಂದ ಕಳಚಿ ತಾನೇ ಬಂದಿಳಿದದ್ದೂ ಇದೇ ದಾರಿಯ ಕಲಿಕೆ.